ವಿದ್ಯುತ್ ಕಾರಿನ ರಿಯಾಯಿತಿ: ಒಂದು ಹಳೆಯ ಲೆಕ್ಕ

ಗಾಂಧಿ ಜಯಂತಿಯ ದಿನ ಖಾದಿ ಭಂಡಾರಕ್ಕೆ ಹೋಗಿ ಎರಡು ಜುಬ್ಬಕ್ಕಾಗುವಷ್ಟು ಬಟ್ಟೆ ತರುವುದು ನಾನು ಕೆಲಸಕ್ಕೆ ಸೇರಿದ ವರ್ಷದಿಂದ ನಡೆದುಬಂದ ರೂಢಿ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದು ಗೊತ್ತು. ಆ ಜುಬ್ಬಗಳನ್ನು ಕುರಿತು ಅವರು ನನ್ನ ಬೆನ್ನ ಹಿಂದೆ ಏನೆನ್ನುತ್ತಿದ್ದರೆಂಬುದು ನನಗೂ ಗೊತ್ತು. 2025ರ ಅಕ್ಟೋಬರ್ 2ರಂದು ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ಕ್ಯಾಲಿಫೋರ್ನಿಯದಿಂದ ದೂರವಾಣಿ ಕರೆ ಬಂದಿತು. 1995ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ತಂಡದ ಹುಡುಗ. ಹುಡುಗ ಎಂದು ಬರೆದೆ. ಅವನಿಗೀಗ ನಲವತ್ತಾರು ವರ್ಷ. "ಸಾರ್, ಈ ಸಲವೂ ನನ್ನ ಲೆಕ್ಕ ತಪ್ಪಿತು" ಎಂದು ನಗುತ್ತಲೇ ಮಾತು ಪ್ರಾರಂಭಿಸಿದ.

"ಈ ಸಲವೂ" ಎಂಬ ಮಾತು ನಿಮಗೆ ಅರ್ಥವಾಗಬೇಕಾದರೆ ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು. 2013ರಲ್ಲಿ ಅವನು ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿದ ಮೇಲಿನ ಸಂಶೋಧನಾ ಹುದ್ದೆಯಲ್ಲಿದ್ದ. ವರ್ಷಕ್ಕೆ 48,000 ಡಾಲರ್ ಸಂಬಳ. ಹೆಂಡತಿಗೆ ಆಗಿನ್ನೂ ಕೆಲಸವಿರಲಿಲ್ಲ. ಆ ವರ್ಷ ಒಂದು ಚಿಕ್ಕ ವಿದ್ಯುತ್ ಕಾರನ್ನು ಸಾಲ ಮಾಡಿ ಕೊಂಡ. ಮಾರುವವನು ಕಾಗದದ ಮೇಲೆ ಬರೆದುಕೊಟ್ಟ ಲೆಕ್ಕ ಸರಳವಾಗಿತ್ತು: ಬೆಲೆ 28,800 ಡಾಲರ್, ಕೇಂದ್ರ ಸರ್ಕಾರದ ತೆರಿಗೆ ಕ್ರೆಡಿಟ್ 7,500, ಕ್ಯಾಲಿಫೋರ್ನಿಯ ರಾಜ್ಯದ ರಿಬೇಟ್ 2,500, ಉಳಿದದ್ದು 18,800. ಮೊದಲು ಪೂರ್ತಿ ಹಣ ಕೊಟ್ಟು ಕೊಳ್ಳಬೇಕು, ಆಮೇಲೆ ಹತ್ತು ಸಾವಿರ ಹಿಂದಕ್ಕೆ ಬರುತ್ತದೆ. ಆ ಹಣ ಬಂದೊಡನೆ ತಾಯಿಗೆ ವಿಮಾನದ ಟಿಕೆಟ್ ಮಾಡಿಸುವುದೆಂದು ಗಂಡಹೆಂಡಿರು ನಿಶ್ಚಯಿಸಿಕೊಂಡಿದ್ದರು.

ರಾಜ್ಯದ 2,500 ಡಾಲರ್ ಕೆಲವು ವಾರಗಳಲ್ಲಿ ಚೆಕ್ಕಿನ ರೂಪದಲ್ಲಿ ಅಂಚೆಯಲ್ಲಿ ಬಂದಿತು. ಕೇಂದ್ರದ 7,500ಕ್ಕೆ ಮುಂದಿನ ಏಪ್ರಿಲ್‌ನಲ್ಲಿ ತೆರಿಗೆ ವಿವರ ಸಲ್ಲಿಸುವಾಗ ಫಾರಂ 8936 ಭರ್ತಿ ಮಾಡಬೇಕು. ಮಾಡಿದ. ಕೊನೆಯ ಸಾಲಿನಲ್ಲಿ ಬಂದ ಸಂಖ್ಯೆ 7,500 ಆಗಿರಲಿಲ್ಲ, ಸುಮಾರು 3,300.

ಏಕೆಂಬುದನ್ನು ಕರಿಹಲಗೆಯ ಮೇಲೆ ಬರೆದಂತೆಯೇ ಬರೆಯುತ್ತೇನೆ. 48,000 ಸಂಬಳದಲ್ಲಿ ಗಂಡಹೆಂಡಿರಿಗೆ ಆ ವರ್ಷ ಸಿಗುತ್ತಿದ್ದ ಸಾಮಾನ್ಯ ಕಡಿತ 12,200. ತಲಾ 3,900ರಂತೆ ಇಬ್ಬರಿಗೆ 7,800. ಎರಡೂ ಸೇರಿ 20,000 ಕಳೆದರೆ ತೆರಿಗೆಗೆ ಒಳಪಡುವ ವರಮಾನ 28,000. ಇದರಲ್ಲಿ ಮೊದಲ 17,850ಕ್ಕೆ ಶೇಕಡ 10ರಂತೆ 1,785. ಉಳಿದ 10,150ಕ್ಕೆ ಶೇಕಡ 15ರಂತೆ 1,522. ಒಟ್ಟು ತೆರಿಗೆ 3,307 ಡಾಲರ್. ಕ್ರೆಡಿಟ್ ಎಂಬುದು ಈ ತೆರಿಗೆಯನ್ನು ಸೊನ್ನೆಯವರೆಗೆ ಇಳಿಸಬಲ್ಲದೇ ಹೊರತು ಸೊನ್ನೆಯಿಂದ ಕೆಳಗಿಳಿದು ಕೈಗೆ ಹಣ ಕೊಡಲಾರದು. ಉಳಿದ 4,200 ಡಾಲರ್ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ, ಅದು ಅವನ ಪಾಲಿಗೆ ಎಂದೂ ಇರಲೇ ಇಲ್ಲ.

ಅವನು ಇದನ್ನೆಲ್ಲ ವಿವರಿಸಿ ನನಗೆ ಇ-ಮೇಲ್ ಬರೆದಿದ್ದ. "ಚಿಂತಿಸಬೇಡ, ಉಳಿದದ್ದನ್ನು ಮುಂದಿನ ವರ್ಷದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು" ಎಂದು ನಾನು ಮೇಷ್ಟರ ಗತ್ತಿನಲ್ಲಿ ಉತ್ತರ ಕೊಟ್ಟೆ. ಅದು ತಪ್ಪು. ಸ್ವಂತಕ್ಕೆ ಕಾರು ಕೊಂಡವರಿಗೆ ಆ ಕ್ರೆಡಿಟ್ಟನ್ನು ಮುಂದಿನ ವರ್ಷಕ್ಕೆ ಸಾಗಿಸಲು ಅವಕಾಶವಿರಲಿಲ್ಲ. ಆ ವರ್ಷ ಬಳಸಿದಷ್ಟೇ ನಿನ್ನದು. "ಇಲ್ಲವಂತೆ ಸಾರ್" ಎಂದು ಒಂದೇ ಸಾಲಿನಲ್ಲಿ, ನನ್ನ ಮನಸ್ಸು ನೋಯದ ಹಾಗೆ ತಿದ್ದಿದ. ತಾಯಿಯ ಪ್ರಯಾಣ ಒಂದು ವರ್ಷ ಮುಂದಕ್ಕೆ ಹೋಯಿತು. ತಿಳಿಯದ ವಿಷಯದಲ್ಲಿ ಬುದ್ಧಿ ಹೇಳಿದ ನಾಚಿಕೆಗೆ ನಾನು ಈ ರಿಯಾಯಿತಿಗಳ ಚರಿತ್ರೆಯನ್ನು ಓದತೊಡಗಿದೆ. ಈ ಲೇಖನ ಆ ಓದಿನ ಫಲ.

ಮೊದಲು ಪದಗಳ ವಿಚಾರ. ನಾವು ಕನ್ನಡದಲ್ಲಿ ವಿನಾಯಿತಿ, ರಿಯಾಯಿತಿ ಎಂಬ ಎರಡು ಪದಗಳಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತೇವೆ. ಶಿಕ್ಷಕರ ಮನೆಗಳಲ್ಲಿ ಫೆಬ್ರವರಿ ತಿಂಗಳ ತಲೆನೋವಾಗಿದ್ದ 80ಸಿ ಎಂಬುದು ಕಡಿತ. ಅದು ವರಮಾನದಿಂದ ಕಳೆಯುತ್ತದೆ. ನಮ್ಮ 87ಎ ಎಂಬುದು ರಿಬೇಟ್. ಅದು ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯುತ್ತದೆ. ಅಮೆರಿಕದವರು ಈ ಎರಡನೆಯದನ್ನು ಕ್ರೆಡಿಟ್ ಎನ್ನುತ್ತಾರೆ. ಅವರು ರಿಬೇಟ್ ಎಂದರೆ ಕ್ಯಾಲಿಫೋರ್ನಿಯದ ಆ ಚೆಕ್ಕಿನ ಹಾಗೆ ಕೈಗೆ ಬರುವ ಹಣ. ಖಾದಿ ಭಂಡಾರದ್ದು ಇವೆರಡೂ ಅಲ್ಲ, ಬಿಲ್ಲಿನಲ್ಲಿಯೇ ಇಳಿಯುತ್ತದೆ. ಕೊಳ್ಳುವವನು ತೆರಿಗೆ ಕಟ್ಟುತ್ತಾನೋ ಇಲ್ಲವೋ ಎಂದು ಅಲ್ಲಿನ ಗುಮಾಸ್ತರು ಕೇಳುವುದಿಲ್ಲ. ಸರ್ಕಾರ ಬಿಡುವ ಮೊತ್ತ ಒಂದೇ ಆಗಿದ್ದರೂ ಯಾವ ಬಾಗಿಲಿನಿಂದ ಬಿಡುತ್ತದೆ ಎಂಬುದರ ಮೇಲೆ ಅದು ಯಾರ ಮನೆ ಸೇರುತ್ತದೆ ಎಂಬುದು ನಿರ್ಧಾರವಾಗುತ್ತದೆ.

ಅಮೆರಿಕದಲ್ಲಿ ವಿದ್ಯುತ್ ಕಾರಿಗೆ ಮೊದಲ ಕ್ರೆಡಿಟ್ ಬಂದದ್ದು 1992ರ ಇಂಧನ ನೀತಿ ಕಾಯಿದೆಯಲ್ಲಿ. ಹಿರಿಯ ಬುಷ್ ಅವರು ಆಗ ಅಧ್ಯಕ್ಷರು. ಕಾರಿನ ಬೆಲೆಯ ಶೇಕಡ 10, ಗರಿಷ್ಠ 4,000 ಡಾಲರ್. ಕಾಯಿದೆ ಬಂದಿತು, ಕೊಳ್ಳೋಣವೆಂದರೆ ಕಾರೇ ಇರಲಿಲ್ಲ. ಇದಕ್ಕೆ ಎರಡು ವರ್ಷ ಹಿಂದೆ, 1990ರಲ್ಲಿ, ಕ್ಯಾಲಿಫೋರ್ನಿಯದ ವಾಯು ಸಂಪನ್ಮೂಲ ಮಂಡಳಿಯು ದೊಡ್ಡ ಕಂಪನಿಗಳಿಗೆ ಒಂದು ಆಜ್ಞೆ ಹೊರಡಿಸಿತ್ತು: 1998ರ ಹೊತ್ತಿಗೆ ಆ ರಾಜ್ಯದಲ್ಲಿ ಮಾರುವ ಕಾರುಗಳಲ್ಲಿ ಶೇಕಡ 2ರಷ್ಟು ಹೊಗೆಯಿಲ್ಲದವಾಗಿರಬೇಕು, 2003ಕ್ಕೆ ಶೇಕಡ 10. ಜನರಲ್ ಮೋಟರ್ಸ್ ತನ್ನ ಇವಿ-1 ಕಾರನ್ನು 1996ರ ಡಿಸೆಂಬರ್‌ನಲ್ಲಿ ಹೊರತಂದಿತಾದರೂ ಯಾರಿಗೂ ಮಾರಲಿಲ್ಲ, ಗುತ್ತಿಗೆಗೆ ಮಾತ್ರ ಕೊಟ್ಟಿತು. ಕಾರಿನ ಮಾಲೀಕತ್ವ ಕಂಪನಿಯ ಕಡೆಯೇ ಉಳಿಯಿತು; ಕ್ರೆಡಿಟ್ಟೂ ಕಾನೂನಿನ ಪ್ರಕಾರ ಮಾಲೀಕನದೇ. ತಯಾರಾದದ್ದು 1,117 ಕಾರು. ಮಂಡಳಿ ತನ್ನ ಆಜ್ಞೆಯನ್ನು ಸಡಿಲಿಸುತ್ತ ಬಂದ ಹಾಗೆ ಕಂಪನಿಗೆ ಆಸಕ್ತಿಯೂ ಕುಗ್ಗಿತು. ಬಳಸುತ್ತಿದ್ದವರು ಬೇಡಿಕೊಂಡರೂ ಕೇಳದೆ 2003ರ ಸುಮಾರಿಗೆ ಅವುಗಳನ್ನು ಹಿಂದಕ್ಕೆ ಪಡೆದು, ಕೆಲವನ್ನು ವಸ್ತುಸಂಗ್ರಹಾಲಯಗಳಿಗೆ ಕೊಟ್ಟು, ಹೆಚ್ಚಿನವನ್ನು ಜಜ್ಜಿಹಾಕಿತು.

ಕ್ಯಾಲಿಫೋರ್ನಿಯದ ಆ ಆಜ್ಞೆಯ ಒಂದು ಕವಲು ನಮ್ಮ ಬೆಂಗಳೂರಿಗೂ ಬಂದಿದೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತ ಸೌರಶಕ್ತಿಯ ಕಾರು ಕಟ್ಟಿದ ತಂಡದಲ್ಲಿದ್ದ ಚೇತನ್ ಮೈನಿ ಅವರು ಆಮೇಲೆ ಕ್ಯಾಲಿಫೋರ್ನಿಯದ ಅಮೆರಿಗಾನ್ ಎಂಬ ಸಂಸ್ಥೆಯಲ್ಲಿ ವಿದ್ಯುತ್ ಕಾರಿನ ಕೆಲಸ ಮಾಡಿದರು. 1994ರಲ್ಲಿ ಅಮೆರಿಗಾನ್ ಮತ್ತು ಬೆಂಗಳೂರಿನ ಮೈನಿ ಸಮೂಹ ಸೇರಿ ಸ್ಥಾಪಿಸಿದ ಕಂಪನಿಯಿಂದ, ಬೊಮ್ಮಸಂದ್ರದ ಕಾರ್ಖಾನೆಯಲ್ಲಿ, 2001ರಲ್ಲಿ ರೇವಾ ಹೊರಬಂದಿತು. ಜಯನಗರದ ರಸ್ತೆಯಲ್ಲಿ ಮೊದಲ ಸಲ ಅದನ್ನು ಕಂಡಾಗ, ಸದ್ದಿಲ್ಲದೆ ಹಿಂದಿನಿಂದ ಬಂದದ್ದರಿಂದ, ನಾನು ಹೌಹಾರಿ ಪಕ್ಕಕ್ಕೆ ಸರಿದದ್ದು ನೆನಪಿದೆ. ಇಲ್ಲಿ ಹೆಚ್ಚು ಮಂದಿ ಕೊಳ್ಳದ ಆ ಪುಟ್ಟ ಕಾರಿಗೆ ಲಂಡನ್ನಿನಲ್ಲಿ 2004ರಿಂದ ಜಿ-ವಿಜ್ ಎಂಬ ಹೆಸರಿನಲ್ಲಿ ಗಿರಾಕಿಗಳು ದೊರೆತರು. ಅದಕ್ಕೆ ಕಾರಣವೂ ಒಂದು ವಿನಾಯಿತಿಯೇ. 2003ರ ಫೆಬ್ರವರಿಯಿಂದ ಲಂಡನ್ನಿನ ನಡುಭಾಗಕ್ಕೆ ಕಾರು ತಂದವರು ದಿನಕ್ಕೆ 5 ಪೌಂಡ್ ದಟ್ಟಣೆ ಶುಲ್ಕ ಕಟ್ಟಬೇಕಾಗಿತ್ತು. ವಿದ್ಯುತ್ ಕಾರುಗಳಿಗೆ ಅದು ಇರಲಿಲ್ಲ. ಅಲ್ಲಿ ಯಾವ ಫಾರಂ ಭರ್ತಿ ಮಾಡಿ ಏಪ್ರಿಲ್‌ವರೆಗೆ ಕಾಯಬೇಕಾಗಿರಲಿಲ್ಲ; ಉಳಿತಾಯ ಆ ದಿನವೇ ಕಿಸೆಯಲ್ಲಿರುತ್ತಿತ್ತು. ಭಾರತದಲ್ಲಿ ಕೇಂದ್ರ ಸರ್ಕಾರವು 2010ರ ನವೆಂಬರ್‌ನಲ್ಲಿ ಕಾರ್ಖಾನೆಯ ಬೆಲೆಯ ಶೇಕಡ 20ರಷ್ಟು, ಕಾರಿಗೆ ಗರಿಷ್ಠ 1 ಲಕ್ಷ ರೂಪಾಯಿ ನೆರವು ಕೊಡಲಾರಂಭಿಸಿ 2012ರ ಮಾರ್ಚಿಗೆ ನಿಲ್ಲಿಸಿತು.

ಅಮೆರಿಕಕ್ಕೆ ಮರಳೋಣ. 1992ರ ಕ್ರೆಡಿಟ್ 2006ರ ಕೊನೆಗೆ ತೀರಿಹೋಯಿತು. ನನ್ನ ಶಿಷ್ಯನ ಫಾರಮ್ಮಿನಲ್ಲಿದ್ದ 7,500ರ ಜನ್ಮ 2008ರಲ್ಲಿ, ಬಹಳ ವಿಚಿತ್ರ ಸನ್ನಿವೇಶದಲ್ಲಿ ಆಯಿತು. ಬ್ಯಾಂಕುಗಳು ಕುಸಿಯುತ್ತಿದ್ದ ಆ ಸೆಪ್ಟೆಂಬರ್‌ನಲ್ಲಿ ಅವುಗಳನ್ನು ಉಳಿಸಲು 70,000 ಕೋಟಿ ಡಾಲರ್ ಒದಗಿಸುವ ಮಸೂದೆಯನ್ನು ಕೆಳಮನೆ ಸೆಪ್ಟೆಂಬರ್ 29ರಂದು ತಿರಸ್ಕರಿಸಿತು. ಸೆನೆಟ್ ಅದಕ್ಕೆ ಹಲವು ತೆರಿಗೆ ರಿಯಾಯಿತಿಗಳನ್ನು ಬಾಲಂಗೋಚಿಯಂತೆ ಕಟ್ಟಿ ಹಿಂದಕ್ಕೆ ಕಳಿಸಿತು. ಅಕ್ಟೋಬರ್ 3ರಂದು ಅಂಗೀಕಾರವಾಗಿ ಅಂದೇ ಕಿರಿಯ ಬುಷ್ ಅವರ ಸಹಿಯೂ ಬಿದ್ದಿತು. ಆ ಬಾಲಂಗೋಚಿಯಲ್ಲಿ ಮಕ್ಕಳು ಆಡುವ ಮರದ ಬಾಣಗಳಿಗೆ ಸುಂಕ ವಿನಾಯಿತಿಯೂ ಇತ್ತು, ಬ್ಯಾಟರಿ ಕಾರಿನ ಕ್ರೆಡಿಟ್ಟೂ ಇತ್ತು. ಮಹತ್ವದ ಕಾನೂನುಗಳು ದೀರ್ಘ ಚರ್ಚೆಯಿಂದಲೇ ಹುಟ್ಟುತ್ತವೆಂದು ನಾನು ತರಗತಿಯಲ್ಲಿ ಹೇಳಿಕೊಡುತ್ತಿದ್ದ ಪೌರನೀತಿಗೆ ಇದು ಒಪ್ಪುವುದಿಲ್ಲ, ಏನು ಮಾಡುವುದು!

2009ರ ಫೆಬ್ರವರಿಯಲ್ಲಿ ಒಬಾಮಾ ಸರ್ಕಾರ ಅದನ್ನು ತಿದ್ದಿ ಬರೆಯಿತು. ಸೂತ್ರ ಗಣಿತದ ಮೇಷ್ಟರು ಮೆಚ್ಚುವಂಥದು: ಮೂಲ 2,500 ಡಾಲರ್, ಬ್ಯಾಟರಿ 5 ಕಿಲೋವ್ಯಾಟ್ ಗಂಟೆಯದಾದರೆ ಅದರ ಮೇಲೆ 417, ಐದನ್ನು ಮೀರಿದ ಪ್ರತಿ ಕಿಲೋವ್ಯಾಟ್ ಗಂಟೆಗೆ ಮತ್ತೆ 417, ಈ ಸೇರ್ಪಡೆಗಳ ಗರಿಷ್ಠ ಮಿತಿ 5,000. ಹಾಗಾದರೆ ಪೂರ್ತಿ 7,500 ಬರಲು ಎಷ್ಟು ದೊಡ್ಡ ಬ್ಯಾಟರಿ ಬೇಕು? 417ನ್ನು 12ರಿಂದ ಗುಣಿಸಿದರೆ 5,004. ಅಂದರೆ ಸರಿಯಾಗಿ 16 ಕಿಲೋವ್ಯಾಟ್ ಗಂಟೆ. 2010ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂದ ಷೆವರ್ಲೆ ವೋಲ್ಟ್ ಕಾರಿನ ಬ್ಯಾಟರಿಯ ಗಾತ್ರ ಎಷ್ಟಿತ್ತೆಂದು ಊಹಿಸಬಲ್ಲಿರಿ. ಅದೇ ತಿಂಗಳು ಬಂದ ನಿಸ್ಸಾನ್ ಲೀಫ್‌ನದು 24.

ಸೂತ್ರ ಸುಂದರವಾಗಿತ್ತು, ಬಾಗಿಲು ಸರಿಯಿರಲಿಲ್ಲ. 2008ರ ಕಾಯಿದೆಯ ಮಾತುಗಳೊಳಗೆ, ರಸ್ತೆಗೆ ಇಳಿಸಬಹುದಾದ ಗಾಲ್ಫ್ ಗಾಡಿಗಳೂ ನುಸುಳಿದವು. 2009ರಲ್ಲಿ ಅವುಗಳನ್ನು ಹೆಚ್ಚುಕಡಿಮೆ ಪುಕ್ಕಟೆ ಎಂದು ಸಾರಿ ಮಾರಿದವರೂ ಇದ್ದರು. 2010ರ ಮೊದಲ ಏಳು ತಿಂಗಳ ಲೆಕ್ಕವನ್ನು ತೆರಿಗೆ ಆಡಳಿತದ ತನಿಖಾಧಿಕಾರಿಗಳು ಪರಿಶೀಲಿಸಿದಾಗ, ವಾಹನಗಳ ಹೆಸರಿನಲ್ಲಿ ಪಡೆದ ಕ್ರೆಡಿಟ್‌ಗಳಲ್ಲಿ ಸುಮಾರು ಐದನೆಯ ಒಂದು ಪಾಲು, ಅಂದರೆ 3 ಕೋಟಿ 30 ಲಕ್ಷ ಡಾಲರ್‌ಗಳಷ್ಟು, ಅರ್ಹತೆಯಿಲ್ಲದ ಬೇಡಿಕೆಗಳಾಗಿದ್ದವು. ಇದು ಕಳ್ಳತನ ಮತ್ತು ಗಲಿಬಿಲಿಯ ಮಾತು, ಹಿಡಿದರೆ ನಿಲ್ಲುವಂಥದು. ನಿಯಮದೊಳಗೇ ಇದ್ದ ದೋಷ ಅದಕ್ಕಿಂತ ದೊಡ್ಡದು. ಬರ್ಕ್ಲಿಯ ಅರ್ಥಶಾಸ್ತ್ರಜ್ಞರಾದ ಸೆವೆರಿನ್ ಬೊರೆನ್‌ಸ್ಟೈನ್ ಮತ್ತು ಲ್ಯೂಕಸ್ ಡೇವಿಸ್ ಅವರು 2006ರಿಂದ 2012ರವರೆಗಿನ ತೆರಿಗೆ ದಾಖಲೆಗಳನ್ನು ಅಭ್ಯಸಿಸಿ, ವಿದ್ಯುತ್ ಕಾರಿನ ಕ್ರೆಡಿಟ್‌ಗಳಲ್ಲಿ ಸುಮಾರು ಶೇಕಡ 90ರಷ್ಟು ಹಣ ವರಮಾನದಲ್ಲಿ ಮೇಲಿನ ಐದನೆಯ ಒಂದು ಭಾಗದ ಜನರಿಗೆ ಸೇರಿತ್ತೆಂದು ತೋರಿಸಿದರು. ಆಶ್ಚರ್ಯವೇನಿಲ್ಲ. ಹೊಸ ಕಾರು ಕೊಳ್ಳುವವರೇ ಹೆಚ್ಚಾಗಿ ಉಳ್ಳವರು. ಅವರಲ್ಲೂ 7,500 ತೆರಿಗೆ ಕಟ್ಟುವಷ್ಟು ವರಮಾನ ಇದ್ದವನಿಗೆ ಮಾತ್ರ ಪೂರ್ತಿ ದಕ್ಕುವ ನೆರವು ಅದು. 28,800ರ ಕಾರು ಕೊಂಡ ನನ್ನ ಶಿಷ್ಯನಿಗೆ 3,300; ಲಕ್ಷ ಡಾಲರ್ ಬೆಲೆಯ ಕಾರು ಕೊಂಡ ಧನಿಕನಿಗೆ 7,500. ಅವನು ಕೊಳ್ಳುವ ಬದಲು ಗುತ್ತಿಗೆಗೆ ತೆಗೆದುಕೊಂಡಿದ್ದರೆ ಕ್ರೆಡಿಟ್ ಗುತ್ತಿಗೆ ಕಂಪನಿಗೆ ಹೋಗಿ, ಕಂಪನಿ ಮನಸ್ಸು ಮಾಡಿದರೆ ತಿಂಗಳ ಕಂತಿನಲ್ಲಿ ಅಷ್ಟು ಇಳಿಯುತ್ತಿತ್ತು. ಇದನ್ನು ಅವನಿಗೆ ಆಗ ಯಾರೂ ಹೇಳಲಿಲ್ಲ. ನಾನಂತೂ ಹೇಳಿದ್ದು ತಪ್ಪು ಮಾತು.

2009ರ ನಿಯಮದಲ್ಲಿ ಇನ್ನೊಂದು ಗಡಿ ಇತ್ತು. ಒಂದು ಕಂಪನಿಯ 2 ಲಕ್ಷ ಕಾರುಗಳು ಅಮೆರಿಕದಲ್ಲಿ ಮಾರಾಟವಾದ ಮೇಲೆ ಆ ಕಂಪನಿಯ ಕಾರುಗಳಿಗೆ ಕ್ರೆಡಿಟ್ ಹಂತಹಂತವಾಗಿ ನಿಲ್ಲಬೇಕು. ಟೆಸ್ಲಾ 2018ರ ಜುಲೈನಲ್ಲಿ ಈ ಗಡಿ ಮುಟ್ಟಿತು. 2018ರ ಡಿಸೆಂಬರ್‌ವರೆಗೆ 7,500; 2019ರ ಮೊದಲಾರ್ಧದಲ್ಲಿ 3,750; ಎರಡನೆಯ ಅರ್ಧದಲ್ಲಿ 1,875; 2020ರಿಂದ ಸೊನ್ನೆ. ಜನರಲ್ ಮೋಟರ್ಸ್‌ಗೆ 2020ರ ಏಪ್ರಿಲ್‌ನಿಂದ ಸೊನ್ನೆ. ಮೊದಲು ಹೊಲ ಉತ್ತವನಿಗೆ ನೀರು ನಿಲ್ಲಿಸಿ, ತಡವಾಗಿ ಎದ್ದು ಬಂದವನಿಗೆ ನೀರು ಬಿಟ್ಟ ಹಾಗಾಯಿತು ಎಂದು ನನಗೆ ತೋರುತ್ತದೆ. ಹೊಸತನಕ್ಕೆ ಕೊಟ್ಟ ನೆರವು ಒಂದಲ್ಲ ಒಂದು ದಿನ ನಿಲ್ಲಲೇಬೇಕೆಂಬ ಎದುರು ವಾದವನ್ನೂ ಸುಳ್ಳೆನ್ನಲಾರೆ.

ಇದೇ ಕಾಲದಲ್ಲಿ ನಾರ್ವೆ ಬೇರೆ ದಾರಿ ಹಿಡಿದಿತ್ತು. 1989ರಲ್ಲಿ ಪರಿಸರವಾದಿ ಫ್ರೆಡೆರಿಕ್ ಹೌಗೆ, ಆಹಾ ಎಂಬ ಪ್ರಖ್ಯಾತ ಸಂಗೀತ ತಂಡದ ಇಬ್ಬರೊಡನೆ ಸೇರಿ, ಬ್ಯಾಟರಿಗೆ ಮಾರ್ಪಡಿಸಿದ ಒಂದು ಫಿಯೆಟ್ ಪಾಂಡಾವನ್ನು ಸ್ವಿಟ್ಜರ್‌ಲೆಂಡಿನಿಂದ ತಂದು, ರಸ್ತೆ ಸುಂಕ ಕಟ್ಟದೆ ಸುಂಕದಕಟ್ಟೆಗಳನ್ನು ದಾಟತೊಡಗಿದರು. ದಂಡ ಬೆಳೆಯಿತು, ಕಾರು ಜಪ್ತಿಯಾಗಿ ಹರಾಜಿಗೆ ಬಂದಿತು. ಒಂದು ಬಗೆಯ ಸತ್ಯಾಗ್ರಹವೇ ಅದು. 1990ರಲ್ಲಿ ಅಲ್ಲಿನ ಸರ್ಕಾರ ವಿದ್ಯುತ್ ಕಾರುಗಳಿಗೆ ಖರೀದಿ ತೆರಿಗೆಯನ್ನು ತಾತ್ಕಾಲಿಕವಾಗಿ ಬಿಟ್ಟಿತು, 1996ರಲ್ಲಿ ಶಾಶ್ವತಗೊಳಿಸಿತು. 1997ರಲ್ಲಿ ರಸ್ತೆ ಸುಂಕ ಹೋಯಿತು. 2001ರಲ್ಲಿ ಮೌಲ್ಯವರ್ಧಿತ ತೆರಿಗೆಯೂ ಹೋಯಿತು. ಗಮನಿಸಿ, ನಾರ್ವೆ ಏನನ್ನೂ ಹಿಂದಕ್ಕೆ ಕೊಡಲಿಲ್ಲ. ಮೊದಲೇ ವಸೂಲಿ ಮಾಡಲಿಲ್ಲ. ಪೆಟ್ರೋಲ್ ಕಾರಿಗೆ ಹೇರಿದ ತೆರಿಗೆ ಅಲ್ಲಿ ಬಹಳ ದೊಡ್ಡದಾದ್ದರಿಂದ ಈ ಬಿಡುವಿಕೆಗೆ ಬೆಲೆ ಬಂದಿತು. ಉಳ್ಳವರಿಗೆ ಅಲ್ಲಿಯೂ ಲಾಭ ಹೆಚ್ಚೇ ಆಗಿರಬೇಕು; ಅದಕ್ಕೇ 2023ರಿಂದ 5 ಲಕ್ಷ ಕ್ರೋನರ್ ಮೀರಿದ ಬೆಲೆಯ ಭಾಗಕ್ಕೆ ಮತ್ತೆ ತೆರಿಗೆ ಹಾಕಿದರು. ಆದರೂ 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ವಿದ್ಯುತ್ ಕಾರುಗಳು.

ಅಮೆರಿಕ ತನ್ನ ಬಾಗಿಲನ್ನು ಸರಿಪಡಿಸಿದ್ದು 2022ರ ಆಗಸ್ಟ್‌ನಲ್ಲಿ. ಬೈಡನ್ ಅವರು ಸಹಿ ಮಾಡಿದ ಹಣದುಬ್ಬರ ಇಳಿಕೆ ಕಾಯಿದೆಯು 2 ಲಕ್ಷದ ಗಡಿಯನ್ನು ತೆಗೆಯಿತು. ಕಾರಿನ ಬೆಲೆಗೆ ಮಿತಿ ಹಾಕಿತು, ಸಾಮಾನ್ಯ ಕಾರಿಗೆ 55,000. ಕೊಳ್ಳುವವರ ವರಮಾನಕ್ಕೂ ಮಿತಿ ಹಾಕಿತು: ಒಬ್ಬರಿಗೆ ಒಂದೂವರೆ ಲಕ್ಷ, ಗಂಡಹೆಂಡಿರಿಗೆ ಸೇರಿ 3 ಲಕ್ಷ ಡಾಲರ್. ಹಳೆಯ ವಿದ್ಯುತ್ ಕಾರು ಕೊಳ್ಳುವವರಿಗೂ 4,000ದವರೆಗೆ ಕೊಟ್ಟಿತು. ಬ್ಯಾಟರಿಯ ಖನಿಜ ಎಲ್ಲಿಯದು, ಜೋಡಿಸಿದ್ದು ಎಲ್ಲಿ ಎಂಬ ಷರತ್ತುಗಳ ಕಾಡನ್ನೂ ಬೆಳೆಸಿತು. ಅದರೊಳಗೆ ಈಗ ಹೋಗುವುದು ಬೇಡ. ನನ್ನ ಕಣ್ಣಿಗೆ ಮುಖ್ಯವಾಗಿ ಕಂಡದ್ದು 2024ರ ಜನವರಿ 1ರಿಂದ ಜಾರಿಗೆ ಬಂದ ಒಂದು ಏರ್ಪಾಡು. ಕೊಳ್ಳುವವನು ತನ್ನ ಕ್ರೆಡಿಟ್ಟನ್ನು ಅಂಗಡಿಯವನಿಗೇ ವರ್ಗಾಯಿಸಿ, ಅಷ್ಟು ಮೊತ್ತವನ್ನು ಬೆಲೆಯಲ್ಲಿಯೇ ಕಳೆಸಿಕೊಳ್ಳಬಹುದು. ಅವನ ತೆರಿಗೆ ಅಷ್ಟಾಗದಿದ್ದರೂ ವ್ಯತ್ಯಾಸವನ್ನು ಸರ್ಕಾರ ಹಿಂದಕ್ಕೆ ಕೇಳುವುದಿಲ್ಲ. ವರಮಾನದ ಮಿತಿ ಮೀರಿದ್ದರೆ ಮಾತ್ರ ಕೇಳುತ್ತದೆ. ಖಾದಿ ಭಂಡಾರದ ಪದ್ಧತಿಗೆ ಅವರು ಬಂದದ್ದು ಹೀಗೆ. 2013ರಲ್ಲಿ ಇದೊಂದು ಇದ್ದಿದ್ದರೆ ಆ ಹುಡುಗನಿಗೆ ಪೂರ್ತಿ 7,500 ದೊರೆಯುತ್ತಿತ್ತು.

ಈ ಏರ್ಪಾಡು ಬದುಕಿದ್ದು ಇಪ್ಪತ್ತೊಂದು ತಿಂಗಳು. 2025ರ ಜುಲೈ 4ರಂದು ಟ್ರಂಪ್ ಅವರು ಸಹಿ ಮಾಡಿದ ಕಾಯಿದೆಯು, ಸೆಪ್ಟೆಂಬರ್ 30ರ ನಂತರ ಕೊಂಡ ಕಾರುಗಳಿಗೆ ಕ್ರೆಡಿಟ್ ಇಲ್ಲವೆಂದು ಸಾರಿತು. 2032ರವರೆಗೆ ನಡೆಯಬೇಕಾಗಿದ್ದ ಯೋಜನೆ ಅದು. ಆ ಕೊನೆಯ ದಿನದೊಳಗೆ ಕರಾರು ಮಾಡಿಕೊಂಡು ಒಂದಿಷ್ಟಾದರೂ ಹಣ ಕಟ್ಟಿದವರಿಗೆ, ಕಾರು ಆಮೇಲೆ ಕೈಸೇರಿದರೂ ಸಲ್ಲುತ್ತದೆ ಎಂದು ತೆರಿಗೆ ಇಲಾಖೆ ವಿವರಣೆ ಕೊಟ್ಟಿತ್ತು. ಹಾಗಾಗಿ ಆ ಸೆಪ್ಟೆಂಬರ್‌ನಲ್ಲಿ ಅಂಗಡಿಗಳಲ್ಲಿ ಜನ ನೆರೆದರು. ಅವರಲ್ಲಿ ನಮ್ಮ ಹುಡುಗನೂ ಒಬ್ಬ.

"ಏನಾಯಿತೋ?" ಎಂದು ಕೇಳಿದೆ.

"ಈಗ ನಾವಿಬ್ಬರೂ ಕೆಲಸದಲ್ಲಿದ್ದೇವಲ್ಲ ಸಾರ್. ಹೋದ ವರ್ಷವೂ ಈ ವರ್ಷವೂ ಇಬ್ಬರದೂ ಸೇರಿ 3 ಲಕ್ಷ ದಾಟಿಬಿಟ್ಟಿದೆ. ಎರಡರಲ್ಲಿ ಒಂದು ವರ್ಷ ಒಳಗಿದ್ದರೂ ಸಾಕಾಗಿತ್ತು. ಆಗ ವರಮಾನ ಸಾಲದಾಯಿತು, ಈಗ ಹೆಚ್ಚಾಯಿತು."

"ಗುತ್ತಿಗೆಗೆ ತೆಗೆದುಕೊಂಡರೆ ಬರುತ್ತದೆಯಂತಲ್ಲ?" ಈ ಸಲ ನಾನು ಓದಿಕೊಂಡಿದ್ದೆ.

"ಅಂಗಡಿಯವರೂ ಅದನ್ನೇ ಹೇಳಿದರು ಸಾರ್. ವರಮಾನ ಎಷ್ಟಿದ್ದರೂ ಕೇಳುವುದಿಲ್ಲವಂತೆ. ಮಿತಿ ಹಾಕಿದ್ದೇ ನಮ್ಮಂಥವರಿಗೆ ಬೇಡವೆಂದು, ಮತ್ತೆ ಹಿಂಬಾಗಿಲಿನಿಂದ ಹೋಗುವುದೇಕೆ ಎನ್ನಿಸಿತು. ಇವಳು ಮಾತ್ರ ನನ್ನನ್ನು ಪೆದ್ದ ಅಂತಾಳೆ."

ಹೊಸ ಕಾರು ಕೊಳ್ಳಲಿಲ್ಲ. 2013ರ ಕಾರೇ ಇದೆಯಂತೆ. ಬ್ಯಾಟರಿ ಸೊರಗಿ, ಪೂರ್ತಿ ಚಾರ್ಜ್ ಮಾಡಿದರೆ ಮೂವತ್ತೈದು ಮೈಲಿ ಹೋಗುತ್ತದೆ. ತರಕಾರಿಗೆ, ಮಗಳ ನೃತ್ಯದ ತರಗತಿಗೆ ಅಷ್ಟು ಸಾಕು. ತಾಯಿ ಅಲ್ಲಿಗೆ ಹೋದಾಗ ಅದರಲ್ಲಿ ಕುಳಿತು, ಗಾಡಿ ಹೊರಟದ್ದೇ ತಿಳಿಯದೆ, "ಯಾವಾಗಪ್ಪ ಹೊರಡೋದು?" ಎಂದು ಕೇಳಿದ್ದನ್ನು ಮತ್ತೊಮ್ಮೆ ಹೇಳಿ ನಗಿಸಿದ. ಫೋನು ಇಡುವ ಮೊದಲು, "ಇವತ್ತು ಅಕ್ಟೋಬರ್ ಎರಡಲ್ಲವೆ ಸಾರ್, ಜುಬ್ಬದ ಬಟ್ಟೆ ತಂದಿರೇನು? ಎಷ್ಟು ಬಿಟ್ಟರು?" ಎಂದು ವಿಚಾರಿಸಿದ. ನಾನು ಮೆಟ್ಟಿಲ ಮೇಲೆಯೇ ಗಂಟು ಬಿಚ್ಚಿ ಬಿಲ್ಲನ್ನು ಹುಡುಕತೊಡಗಿದೆ.